ಮೂರು ಹುಲಿ, ಹದಿನೈದು ಕುರಿ: ಬಲಾಬಲದ ಲೆಕ್ಕ

ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ಸೀಮೆಯಲ್ಲಿ ಬೇಸಿಗೆಯ ಬಿಸಿಲೇರಿದ ಮೇಲೆ ಹೊಲದ ಕೆಲಸ ನಿಲ್ಲುತ್ತದೆ. ಬೇವಿನ ಮರದ ನೆರಳು ಬೀಳುವ ಕಟ್ಟೆಯ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಗೆರೆ ಎಳೆದು, ಹರಳುಗಳನ್ನೂ ಹುಣಿಸೆಬೀಜಗಳನ್ನೂ ಕಾಯಿ ಮಾಡಿಕೊಂಡು ಹುಲಿ-ಕುರಿ ಆಡುವುದು ಹಳೆಯ ರೂಢಿ. ಈ ಆಟವನ್ನು ಕೆಲವೆಡೆ ಆಡು-ಹುಲಿ ಎಂದೂ ಕೆಲವೆಡೆ ಹುಲಿಮನೆ ಎಂದೂ ಕರೆಯುತ್ತಾರೆ. ತುಂಗಭದ್ರೆಯ ಆಚೆ ದಡದ ಹಂಪಿಯಲ್ಲಿ ಕಲ್ಲುಹಾಸಿನ ಮೇಲೆ ಕೊರೆದ ಹಳೆಯ ಆಟದ ಮನೆಗಳನ್ನು ಇಂದಿಗೂ ಕಾಣಬಹುದು.

ಚದುರಂಗದಲ್ಲಿ ಎರಡು ಪಕ್ಷಗಳಿಗೂ ಹದಿನಾರು ಹದಿನಾರು ಕಾಯಿಗಳು; ಪಗಡೆಯಲ್ಲಿಯೂ ಆಡುವವರಿಗೆಲ್ಲ ಸಮಪಾಲು. ಅಲ್ಲಿ ಬಲವು ಸಮವಾಗಿದೆಯೇ ಎಂಬ ಸಂದೇಹಕ್ಕೆ ಎಡೆಯೇ ಇಲ್ಲ. ಹುಲಿ-ಕುರಿಯ ಮಾತು ಬೇರೆ. ಸಾಮಾನ್ಯವಾಗಿ ಆಡುವ ಒಂದು ಪಾಠದಲ್ಲಿ ಒಂದು ಪಕ್ಷಕ್ಕೆ ಮೂರೇ ಹುಲಿಗಳು, ಇನ್ನೊಂದಕ್ಕೆ ಹದಿನೈದು ಕುರಿಗಳು. ಹುಲಿಯು ಕುರಿಯನ್ನು ತಿನ್ನಬಲ್ಲುದು, ಕುರಿಯು ಹುಲಿಯನ್ನು ಮುಟ್ಟಲಾರದು. ಆದರೂ ಪಳಗಿದ ಇಬ್ಬರು ಕುಳಿತರೆ ಯಾರು ಗೆಲ್ಲುವರೆಂದು ಮೊದಲೇ ಹೇಳುವುದು ಕಷ್ಟ. ಇಷ್ಟು ವಿಷಮವಾದ ಎರಡು ಪಕ್ಷಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿ ಸರಿದೂಗಿಸಿದ ಉಪಾಯವೇನು?

ಈ ಪ್ರಶ್ನೆಯನ್ನು ಎತ್ತುವುದಕ್ಕೆ ಕಾರಣವುಂಟು. ಬೆಂಗಳೂರಿನಲ್ಲಿ ಓದಿ ರಜೆಗೆಂದು ಊರಿಗೆ ಬಂದ ಹುಡುಗರಿಂದ ನಮ್ಮ ಕೆಲವು ವಿದ್ಯಾರ್ಥಿಗಳು ಹೊಸ ಬಗೆಯೊಂದು ಆಟವನ್ನು ಕಲಿತಿದ್ದಾರೆ. ಮೇಜಿನ ಸುತ್ತ ಕುಳಿತ ನಾಲ್ಕೈದು ಮಂದಿಯಲ್ಲಿ ಒಬ್ಬನು ಸೂತ್ರಧಾರ; ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ಸೂತ್ರಧಾರನು ಹೇಳುವ ಕಥೆಯೊಳಗೆ ನಡೆದು, ದಾಳ ಉರುಳಿಸಿ ರಾಕ್ಷಸರೊಡನೆ ಹೋರಾಡುತ್ತಾರೆ. ಅಮೆರಿಕದ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬುದು ಈ ಜಾತಿಯ ಆಟಗಳಿಗೆ ಮೂಲ. ಪಾತ್ರಗಳು ಆಡಾಡುತ್ತ ಅನುಭವ ಗಳಿಸಿ ಮೊದಲನೆಯ ಮಟ್ಟದಿಂದ ಇಪ್ಪತ್ತನೆಯ ಮಟ್ಟದವರೆಗೆ ಏರಬಹುದು. ಒಂದು ಪಾತ್ರವನ್ನು ಮೇಲಿನ ಮಟ್ಟಕ್ಕೆ ತರುವುದೆಂದರೆ ಹಲವು ತಿಂಗಳುಗಳ, ಒಮ್ಮೊಮ್ಮೆ ವರ್ಷಗಳ ಸಾಕಾಣಿಕೆ.

ತೊಡಕು ಬರುವುದು ಅಲ್ಲಿಯೇ. ಸೂತ್ರಧಾರನಾಗಿದ್ದ ವಿದ್ಯಾರ್ಥಿಯೊಬ್ಬನು ತಂದ ದೂರು ಇದು: “ಸರ್, ಹತ್ತನೆಯ ಮಟ್ಟ ದಾಟಿದ ಮೇಲೆ ಕಾಳಗವೇ ಕೆಡುತ್ತದೆ. ವಾರವೆಲ್ಲ ಕೂತು ಒಂದು ದೊಡ್ಡ ರಾಕ್ಷಸನನ್ನು ಮಾಡಿಕೊಂಡು ಹೋದೆ. ಮೊದಲ ಸುತ್ತಿನಲ್ಲೇ ಮಂತ್ರ ಹಾಕಿ ಕಟ್ಟಿಹಾಕಿದರು. ಮುಂದಿನ ವಾರ ರಾಕ್ಷಸನ ಪೆಟ್ಟನ್ನು ಇಮ್ಮಡಿ ಮಾಡಿದೆ. ಗೆಳೆಯನೊಬ್ಬ ವರ್ಷದಿಂದ ಬೆಳೆಸಿದ ಪಾತ್ರ ಅರ್ಧ ಗಂಟೆಯಲ್ಲಿ ಸತ್ತುಹೋಯಿತು. ಅವನು ಈಗ ಆಟಕ್ಕೆ ಬರುತ್ತಿಲ್ಲ.” ಗೆಳೆತನಕ್ಕೆ ಕುತ್ತು ಬಂದಿದ್ದ ಕಾರಣ ಇದನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವಂತಿರಲಿಲ್ಲ. ಅಲ್ಲದೆ ಇದರೊಳಗಿರುವುದು ಒಳ್ಳೆಯ ಗಣಿತ. ಬಲವಂತರಾದ ಕೆಲವರಿಗೂ ದುರ್ಬಲರಾದ ಹಲವರಿಗೂ ತೂಕ ಕಟ್ಟುವುದು ಹೇಗೆ ಎಂಬ ಪ್ರಶ್ನೆ ಎರಡು ಆಟಗಳಿಗೂ ಒಂದೇ.

ಮೊದಲು ಸರಳವಾದೊಂದು ಲೆಕ್ಕವನ್ನು ನೋಡೋಣ. ನಾಲ್ವರು ವೀರರಿದ್ದಾರೆ. ಒಬ್ಬೊಬ್ಬನ ಜೀವಾಂಕ 40. ಅಂದರೆ 40 ಅಂಕದಷ್ಟು ಪೆಟ್ಟು ತಿಂದರೆ ಅವನು ಬೀಳುತ್ತಾನೆ. ಒಬ್ಬೊಬ್ಬನು ಒಂದು ಸುತ್ತಿನಲ್ಲಿ ಕೊಡುವ ಪೆಟ್ಟು 10. ಎದುರಿಗೆ ಬಕಾಸುರ. (ಮಹಾಭಾರತದಲ್ಲಿ ಭೀಮನೊಬ್ಬನೇ ಹೋದನು, ನಮ್ಮ ಲೆಕ್ಕಕ್ಕೆ ನಾಲ್ವರು ಬೇಕು.) ಬಕನಿಗೆ ಎಷ್ಟು ಬಲ ಕೊಟ್ಟರೆ ಕಾಳಗವು ಸರಿಸಮವಾದೀತು? ನಾಲ್ವರ ಪೆಟ್ಟನ್ನೂ ಜೀವಾಂಕವನ್ನೂ ಕೂಡಿಸಿ ಬಕನಿಗೆ ಪೆಟ್ಟು 40, ಜೀವಾಂಕ 160 ಎಂದು ಕೊಡುವುದು ಯಾರಿಗಾದರೂ ಮೊದಲು ಹೊಳೆಯುವ ಉತ್ತರ.

ಆಡಿಸಿ ನೋಡಿ. ಮೊದಲ ಸುತ್ತಿನಲ್ಲಿ ವೀರರು 40 ಅಂಕ ಹೊಡೆದು ಬಕನನ್ನು 120ಕ್ಕೆ ಇಳಿಸುತ್ತಾರೆ. ಬಕನು ಒಬ್ಬನನ್ನು ಕೆಡಹುತ್ತಾನೆ. ಎರಡನೆಯ ಸುತ್ತಿನಲ್ಲಿ ಹೊಡೆಯುವವರು ಮೂವರೇ. ಬಕನು 90ಕ್ಕೆ ಇಳಿಯುತ್ತಾನೆ, ಇನ್ನೊಬ್ಬನು ಬೀಳುತ್ತಾನೆ. ಮುಂದೆ 70, ಆಮೇಲೆ 60. ನಾಲ್ವರೂ ನೆಲಕ್ಕೊರಗಿದಾಗ ಬಕನಲ್ಲಿ ಇನ್ನೂ 60 ಅಂಕ ಉಳಿದಿರುತ್ತದೆ. ಮೊತ್ತಗಳು ಸಮವಾಗಿದ್ದರೂ ಕಾಳಗವು ಸಮವಾಗಲಿಲ್ಲ. ಗಾಯಗೊಂಡ ಬಕನು ಕೊನೆಯ ಅಂಕದವರೆಗೂ ಪೂರ್ಣಬಲದಿಂದಲೇ ಹೊಡೆಯುತ್ತಾನೆ. ವೀರರ ಪಕ್ಷವಾದರೋ ಒಬ್ಬೊಬ್ಬನು ಬಿದ್ದಂತೆಲ್ಲ ಕಾಲುಕಾಲು ಭಾಗ ಬಲವನ್ನು ಕಳೆದುಕೊಳ್ಳುತ್ತದೆ. ಅಂತರವೆಲ್ಲ ಇದರಲ್ಲಿದೆ.

ವೀರರು ಒಟ್ಟು ಹೊಡೆದದ್ದು 40, 30, 20, 10, ಕೂಡಿದರೆ 100. ಆದುದರಿಂದ ಪೆಟ್ಟು 40 ಇರುವ ಬಕನಿಗೆ ಜೀವಾಂಕ 100 ಇದ್ದರೆ ಕಾಳಗವು ಕೂದಲೆಳೆಯ ಮೇಲೆ ನಿಲ್ಲುತ್ತದೆ. ಅವನ ಪೆಟ್ಟನ್ನು 20ಕ್ಕೆ ಇಳಿಸಿದರೆ ಒಬ್ಬ ವೀರನನ್ನು ಕೆಡಹಲು ಎರಡು ಸುತ್ತು ಬೇಕು. ಆಗ ಜೀವಾಂಕ 200 ಆಗಬೇಕು. ಎರಡೂ ಸಂದರ್ಭಗಳಲ್ಲಿ ಪೆಟ್ಟು ಮತ್ತು ಜೀವಾಂಕಗಳ ಗುಣಲಬ್ಧ 4000 ಆಗಿರುವುದನ್ನು ಗಮನಿಸಿ. ಒಬ್ಬ ವೀರನ ಗುಣಲಬ್ಧ 400. ಅಂದರೆ ನಾಲ್ವರಿಗೆ ಸಮನಾದವನ ತೂಕ ಒಬ್ಬನ ತೂಕದ ಹತ್ತರಷ್ಟು. ಈ ಹತ್ತು ಎಂಬುದು 1, 2, 3, 4ರ ಮೊತ್ತ. ಪಕ್ಷದಲ್ಲಿ ಎಷ್ಟು ಮಂದಿಯೋ ಆ ಸಂಖ್ಯೆಯನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿ ಅರ್ಧ ಮಾಡಿದರೆ ಈ ತೂಕ ದೊರೆಯುತ್ತದೆ: ಇಬ್ಬರಿಗೆ 3, ಮೂವರಿಗೆ 6, ನಾಲ್ವರಿಗೆ 10, ಹದಿನೈದು ಮಂದಿಗೆ 120.

ಸಂಖ್ಯೆ ದೊಡ್ಡದಾದಂತೆ ಈ ಮೊತ್ತವು ಸಂಖ್ಯೆಯ ವರ್ಗದ ಅರ್ಧಕ್ಕೆ ಸಮೀಪಿಸುತ್ತದೆ. ಸೈನ್ಯದ ಬಲವು ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದೆಂಬ ಈ ನಿಯಮವನ್ನು ಅವಕಲನ ಸಮೀಕರಣಗಳಿಂದ ಸಾಧಿಸಿ ಪ್ರಸಿದ್ಧಿಗೊಳಿಸಿದವನು ಇಂಗ್ಲೆಂಡಿನ ಇಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್. ಮೋಟಾರು ಗಾಡಿಗಳನ್ನು ಕಟ್ಟಿ ಹೆಸರಾದ ಈತನು ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1916ರಲ್ಲಿ, ವಿಮಾನಯುದ್ಧವನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದನು. ಎಲ್ಲರೂ ಎಲ್ಲರ ಮೇಲೂ ಗುಂಡು ಹಾರಿಸಬಲ್ಲ ಬಯಲು ಯುದ್ಧಕ್ಕೆ ಮಾತ್ರ ಈ ವರ್ಗನಿಯಮ ಸಲ್ಲುತ್ತದೆ ಎಂಬ ಎಚ್ಚರಿಕೆಯನ್ನೂ ಮರೆಯಬಾರದು.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳಬೇಕು. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದ ಐದನೆಯ ಆವೃತ್ತಿಯು 2014ರಲ್ಲಿ ಬಂದಿತು. ಅದರ ಸೂತ್ರಧಾರರ ಕೈಪಿಡಿಯಲ್ಲಿ, ರಾಕ್ಷಸರು ಒಬ್ಬರಿಗಿಂತ ಹೆಚ್ಚಿದ್ದರೆ ಅವರ ಅಂಕಗಳ ಮೊತ್ತವನ್ನು ಒಂದು ಗುಣಕದಿಂದ ಹೆಚ್ಚಿಸಿ ಕಾಳಗದ ಕಾಠಿಣ್ಯವನ್ನು ಅಳೆಯಬೇಕೆಂದು ಹೇಳಿತ್ತು: ಇಬ್ಬರಿದ್ದರೆ ಒಂದೂವರೆ, ಮೂವರಿಂದ ಆರು ಮಂದಿಗೆ 2, ಏಳರಿಂದ ಹತ್ತಕ್ಕೆ ಎರಡೂವರೆ, ಹನ್ನೊಂದರಿಂದ ಹದಿನಾಲ್ಕಕ್ಕೆ 3, ಹದಿನೈದು ಮತ್ತು ಅದಕ್ಕೆ ಮೇಲ್ಪಟ್ಟರೆ 4. ನಮ್ಮ ಸೂತ್ರದ ತೂಕವನ್ನು ತಲೆಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಇಬ್ಬರಿಗೆ 3 ಭಾಗಿಸು 2, ಅಂದರೆ ಒಂದೂವರೆ. ಮೂವರಿಗೆ 6 ಭಾಗಿಸು 3, ಅಂದರೆ 2. ಎರಡೂ ಪುಸ್ತಕದ ಅಂಕಗಳೇ! ಆದರೆ ಹದಿನೈದು ಮಂದಿಗೆ ಸೂತ್ರವು 8 ಎನ್ನುತ್ತದೆ, ಪುಸ್ತಕವು 4 ಎಂದಿತ್ತು. ಈ ವ್ಯತ್ಯಾಸಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಹದಿನೈದು ಮಂದಿ ಒಮ್ಮೆಗೇ ಮೇಲೆ ಬೀಳಲು ಜಾಗ ಸಾಲದು. ಅಲ್ಲದೆ ಗುಂಪಾಗಿ ಬಂದವರನ್ನೆಲ್ಲ ಒಂದೇ ಬೆಂಕಿಯ ಉಂಡೆಯಿಂದ ಸುಡುವ ಮಂತ್ರ ವೀರರಲ್ಲಿರುತ್ತದೆ. 2024ರ ಪರಿಷ್ಕೃತ ಕೈಪಿಡಿಯಲ್ಲಿ ಈ ಗುಣಕಗಳನ್ನು ಕೈಬಿಟ್ಟಿದ್ದಾರೆ. ಲೆಕ್ಕವು ಹಗುರವಾಯಿತೆಂಬುದು ನಿಜ. ಆದರೆ ಸಂಖ್ಯೆಯ ಪ್ರಭಾವವನ್ನು ಸೂತ್ರಧಾರನೇ ಮನಸ್ಸಿನಲ್ಲಿ ತೂಗಿಕೊಳ್ಳಬೇಕಾಗಿ ಬಂದಿರುವುದು ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಜಾಗದ ಮಾತು ಬಂದುದರಿಂದ ಮುದಗಲ್ಲಿಗೆ ಹೋಗಿಬರೋಣ. ಲಿಂಗಸುಗೂರು ತಾಲ್ಲೂಕಿನ ಈ ಕೋಟೆಯು ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿಗಾಗಿ ವಿಜಯನಗರದವರೂ ಬಹಮನಿಗಳೂ ಪದೇ ಪದೇ ಕಾದಾಡಿದ ಸ್ಥಳ. ಸುತ್ತಲೂ ಕಂದಕ; ಬಾಗಿಲು ದಾಟಿದರೂ ನೇರವಾಗಿ ಒಳಹೊಗುವಂತಿಲ್ಲ, ಗೋಡೆಗಳ ನಡುವೆ ಸುತ್ತಿಬಳಸಿ ಸಾಗಬೇಕು. ಹೊರಗೆ ಸಾವಿರ ಮಂದಿ ನಿಂತಿದ್ದರೂ ಆ ತಿರುವಿನಲ್ಲಿ ಒಮ್ಮೆಗೆ ಕತ್ತಿ ಬೀಸಬಲ್ಲವರು ಕೆಲವರೇ. ನಮ್ಮ ನಾಲ್ವರು ವೀರರನ್ನು ಅಂಥ ಕಿರುದಾರಿಯಲ್ಲಿ ಒಬ್ಬರ ಹಿಂದೊಬ್ಬರಾಗಿ ಕಳುಹಿಸಿದರೆ ಒಬ್ಬೊಬ್ಬನೂ ಒಂದೊಂದು ಪೆಟ್ಟು ಕೊಟ್ಟು ಬೀಳುತ್ತಾನೆ. ಒಟ್ಟು 40 ಅಂಕ. ಬಯಲಿನಲ್ಲಿ ಸತ್ತೇಹೋಗುತ್ತಿದ್ದ 100 ಅಂಕದ ಬಕನು ಇಲ್ಲಿ 60 ಅಂಕ ಉಳಿಸಿಕೊಂಡು ನಗುತ್ತಾನೆ. ವೀರರ ತೂಕವು 10ರಿಂದ 4ಕ್ಕೆ ಇಳಿಯಿತು. ಬದಲಾದದ್ದು ನೆಲದ ಆಕಾರ ಮಾತ್ರ. ಚಕ್ರವ್ಯೂಹದ ಬಾಯಲ್ಲಿ ಜಯದ್ರಥನೊಬ್ಬನು ನಾಲ್ವರು ಪಾಂಡವರನ್ನು ತಡೆದು ನಿಲ್ಲಿಸಿದ ಕಥೆಗೆ ಶಿವನ ವರ ಕಾರಣವೆಂದು ಕವಿಗಳು ಹೇಳುತ್ತಾರೆ. ಬಾಗಿಲು ಇಕ್ಕಟ್ಟಾಗಿದ್ದರೆ ವರದ ಅರ್ಧ ಕೆಲಸವನ್ನು ಅದೇ ಮಾಡಿಕೊಡುತ್ತದೆ.

ಈಗ ಹುಲಿ-ಕುರಿಗೆ ಮರಳೋಣ. ಒಂದು ಹಾಳೆಯ ನೆತ್ತಿಯಲ್ಲಿ ಒಂದು ಚುಕ್ಕೆಯಿಟ್ಟು ಅಲ್ಲಿಂದ ಕೆಳಕ್ಕೆ ಬೀಸಣಿಗೆಯಂತೆ ನಾಲ್ಕು ಗೆರೆ ಎಳೆಯಿರಿ. ಅವುಗಳ ಕೆಳತುದಿಗಳನ್ನು ಒಂದು ಅಡ್ಡಗೆರೆಯಿಂದ ಕೂಡಿಸಿ. ನೆತ್ತಿಗೂ ಬುಡಕ್ಕೂ ನಡುವೆ, ಎರಡು ಪಕ್ಕಗಳಲ್ಲೂ ಹೊರಚಾಚುವಂತೆ ಮೂರು ಅಡ್ಡಗೆರೆಗಳನ್ನು ಎಳೆದು, ಹೊರಚಾಚಿದ ತುದಿಗಳನ್ನು ಎಡದಲ್ಲೊಂದು ಬಲದಲ್ಲೊಂದು ನೆಟ್ಟಗೆರೆಯಿಂದ ಜೋಡಿಸಿ. ನೆತ್ತಿಯಲ್ಲಿ 1, ಮೂರು ಅಡ್ಡಸಾಲುಗಳಲ್ಲಿ ಆರಾರರಂತೆ 18, ಬುಡದಲ್ಲಿ 4. ಒಟ್ಟು 23 ಮನೆಗಳಾದವು. ಹುಲಿಗಳು ಮೊದಲೇ ಕುಳಿತಿರುತ್ತವೆ. ಕುರಿಗಳನ್ನು ಒಂದೊಂದಾಗಿ ಇಡುತ್ತ ಬರಬೇಕು. ಎಲ್ಲ ಕುರಿಗಳೂ ಇಳಿಯುವ ತನಕ ಇಟ್ಟ ಕುರಿಯು ಕದಲುವಂತಿಲ್ಲ. ಗೆರೆಯ ನೇರದಲ್ಲಿ ಪಕ್ಕದ ಮನೆಯಲ್ಲಿ ಕುರಿಯಿದ್ದು ಅದರ ಆಚೆಯ ಮನೆ ಬರಿದಾಗಿದ್ದರೆ ಹುಲಿಯು ಹಾರಿ ಕುರಿಯನ್ನು ತಿನ್ನುತ್ತದೆ. ಯಾವ ಹುಲಿಗೂ ನಡೆಯಿಲ್ಲದಂತೆ ಕಟ್ಟಿದರೆ ಕುರಿಯವನು ಗೆದ್ದಂತೆ. ಊರಿಂದೂರಿಗೆ ಸಣ್ಣಪುಟ್ಟ ಭೇದಗಳುಂಟು. ನಮ್ಮ ಲೆಕ್ಕಕ್ಕೆ ಇಷ್ಟು ಸಾಕು.

ಆಟವನ್ನು ಕಟ್ಟಿದ ಹೆಸರಿಲ್ಲದ ಹಿರಿಯರ ಜಾಣ್ಮೆಯನ್ನು ನೋಡಿ. ಕುರಿಗಳು ಹದಿನೈದಿದ್ದರೂ ಅವುಗಳ ಪಕ್ಷಕ್ಕೆ ಸರದಿಗೆ ಒಂದೇ ನಡೆ, ಹುಲಿಗಳಿಗೂ ಒಂದೇ ನಡೆ. ಸಂಖ್ಯೆ ಹೆಚ್ಚಿದರೆ ಸರದಿ ಹೆಚ್ಚುವುದಿಲ್ಲವಾದ್ದರಿಂದ ಲ್ಯಾಂಚೆಸ್ಟರನ ವರ್ಗನಿಯಮ ಇಲ್ಲಿ ಕಾಲಿಡುವುದೇ ಇಲ್ಲ. ಕುರಿಗಳ ಸಂಖ್ಯೆಯಿಂದ ದೊರೆಯುವ ಲಾಭ ಜಾಗ ಹಿಡಿಯುವುದು. 23 ಮನೆಗಳಲ್ಲಿ 18 ಕಾಯಿಗಳು ಕುಳಿತ ಮೇಲೆ ಉಳಿಯುವ ಬರಿಮನೆಗಳು 5 ಮಾತ್ರ.

ಹುಲಿಯನ್ನು ಕಟ್ಟಲು ಎಷ್ಟು ಕುರಿಗಳು ಬೇಕು? ಮೊದಲ ಅಡ್ಡಸಾಲಿನ ಎಡತುದಿಯ ಮೂಲೆಯಲ್ಲಿ ಹುಲಿಯಿದೆ ಎನ್ನಿ. ಅಲ್ಲಿಂದ ಹೊರಡುವ ದಾರಿಗಳು ಎರಡು. ಒಂದೊಂದು ದಾರಿಗೂ ತಡೆಯುವುದಕ್ಕೊಂದು ಕುರಿ, ಅದರ ಬೆನ್ನಿಗೊಂದು ಕುರಿ, ಒಟ್ಟು 4. ಹುಲಿಯು ಎರಡನೆಯ ಅಡ್ಡಸಾಲಿನಲ್ಲಿ ಎಡದಿಂದ ಮೂರನೆಯ ಮನೆಯಲ್ಲಿದ್ದರೆ ದಾರಿಗಳು ನಾಲ್ಕು. ಆಗ 8 ಕುರಿಗಳು ಬೇಕು. ಮೂರು ಹುಲಿಗಳು ಮೂರು ದೂರದ ಮೂಲೆಗಳಲ್ಲಿ ಸಿಕ್ಕಿಕೊಂಡರೆ 12 ಕುರಿಗಳಿಂದ ಕೆಲಸವಾದೀತು. ನಡುವಿನಲ್ಲಿ ಬಿಡಿಯಾಗಿ ತಿರುಗುತ್ತಿದ್ದರೆ ಹದಿನೈದೂ ಸಾಲವು. ಅಂದರೆ ಕುರಿಯವನು ಮೂರು ಕುರಿಗಳನ್ನು ಕಳೆದುಕೊಂಡರೂ ಹುಲಿಗಳನ್ನು ಮೂಲೆಗೆ ತಳ್ಳಬಲ್ಲವನಾದರೆ ಬದುಕುತ್ತಾನೆ. ನಾಲ್ಕನ್ನು ಕಳೆದುಕೊಂಡರೆ ಹುಲಿಗಳು ತಾವಾಗಿಯೇ ಒಂದಕ್ಕೊಂದು ಅಡ್ಡವಾಗಬೇಕು. ಇದೂ ಅಪರೂಪವಲ್ಲ: ಎಡಪಕ್ಕದ ಅದೇ ನೆಟ್ಟಗೆರೆಯ ಮೇಲಿನ ಮತ್ತು ಕೆಳಗಿನ ತುದಿಗಳಲ್ಲಿ ಎರಡು ಹುಲಿಗಳು ಕುಳಿತರೆ, ನಡುವಿನ ಒಂದೇ ಕುರಿ ಇಬ್ಬರಿಗೂ ತಡೆ, ಒಂದು ಹುಲಿಯೇ ಇನ್ನೊಂದಕ್ಕೆ ಹಾರುವ ಜಾಗವನ್ನು ಮುಚ್ಚಿರುತ್ತದೆ. 8ರ ಬದಲು 5 ಕುರಿಗಳಿಂದ ಎರಡೂ ಹುಲಿಗಳು ಕಟ್ಟಿಬಿದ್ದವು!

ಇಲ್ಲಿ ಒಂದು ಹುಲಿಯೂ ಸಾಯಲಿಲ್ಲವೆಂಬುದನ್ನು ಗಮನಿಸಬೇಕು. ಕುರಿಗಳು ಕಸಿದುಕೊಂಡದ್ದು ಹುಲಿಯ ಜೀವವನ್ನಲ್ಲ, ಅದರ ನಡೆಯನ್ನು. ನಮ್ಮ ವಿದ್ಯಾರ್ಥಿಯ ರಾಕ್ಷಸನಿಗೆ ಆದದ್ದೂ ಇದೇ. ಕೆಳಗಿನ ಮಟ್ಟದ ವೀರನು ಹೊಡೆಯಬಲ್ಲನು, ಹೊಡೆಸಿಕೊಳ್ಳಬಲ್ಲನು; ಆ ಕಾಳಗಕ್ಕೆ ಮೇಲಿನ ಗುಣಲಬ್ಧದ ಲೆಕ್ಕವು ತಕ್ಕಮಟ್ಟಿಗೆ ಹೊಂದುತ್ತದೆ. ಮೇಲಿನ ಮಟ್ಟದ ವೀರನಲ್ಲಿ ಎದುರಾಳಿಯನ್ನು ನಿಂತಲ್ಲೇ ಸ್ತಂಭನಗೊಳಿಸುವ, ಬೇರೊಂದು ಲೋಕಕ್ಕೆ ಅಟ್ಟುವ ಮಂತ್ರಗಳಿರುತ್ತವೆ. ಅವು ಜೀವಾಂಕವನ್ನು ಮುಟ್ಟದೆ ಸರದಿಯನ್ನೇ ಕಸಿಯುತ್ತವೆ. ನಾಲ್ವರಲ್ಲಿ ಒಬ್ಬನ ಸರದಿ ಹೋದರೆ ಆ ಪಕ್ಷಕ್ಕೆ ಆದ ನಷ್ಟ ಕಾಲುಭಾಗ. ಒಂಟಿ ರಾಕ್ಷಸನ ಸರದಿ ಹೋದರೆ ನಷ್ಟ ಪೂರ್ತಿ.

ಇಂಥ ಮಂತ್ರವು ಫಲಿಸುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ ಎಂದಿಟ್ಟುಕೊಳ್ಳಿ. ರಾಕ್ಷಸನು ಬಹಳ ಗಟ್ಟಿಗನೆಂದೇ ಹೇಳಬೇಕು. ಆದರೆ ನಾಲ್ವರೂ ಒಂದೊಂದು ಸಲ ಪ್ರಯತ್ನಿಸಿದರೆ ಅವನು ನಾಲ್ಕು ಸಲವೂ ಪಾರಾಗುವ ಸಂಭವ ಮುಕ್ಕಾಲನ್ನು ನಾಲ್ಕು ಸಲ ಗುಣಿಸಿದಷ್ಟು. ಅಂದರೆ 256ರಲ್ಲಿ 81. ನೂರಕ್ಕೆ 32. ಉಳಿದ 68 ಸಲ ಅವನು ಮೊದಲ ಸುತ್ತಿನಲ್ಲಿಯೇ ಕಟ್ಟಿಬೀಳುತ್ತಾನೆ. ಅವನ ಪೆಟ್ಟನ್ನು ಇಮ್ಮಡಿ ಮಾಡಿದರೂ ಮುಮ್ಮಡಿ ಮಾಡಿದರೂ ಈ 68 ಕದಲುವುದಿಲ್ಲ. ಪಾರಾದ ಸಲಗಳಲ್ಲಿ ಮಾತ್ರ ಯಾವನೋ ಒಬ್ಬ ವೀರನು ಒಂದೇ ಏಟಿಗೆ ಸಾಯುತ್ತಾನೆ. ಆ ವಿದ್ಯಾರ್ಥಿಯು ಎರಡು ವಾರಗಳಲ್ಲಿ ಕಂಡದ್ದು ಈ ಎರಡು ಫಲಗಳನ್ನೇ.

ಆಟವನ್ನು ರಚಿಸಿದವರಿಗೆ ಇದು ತಿಳಿಯದೆ ಇಲ್ಲ. 2014ರ ಆವೃತ್ತಿಯ ಮುದಿ ಕೆಂಪು ಡ್ರಾಗನ್ ಎಂಬ, ಬೆಂಕಿಯುಗುಳುವ ಹಾರುವ ಸರ್ಪವನ್ನು ತೆಗೆದುಕೊಳ್ಳಿ. ಅದರ ಜೀವಾಂಕ 546. ಅದಕ್ಕಿಂತ ಮುಖ್ಯವಾದ ಕೊಡುಗೆಗಳು ಎರಡು. ತನ್ನ ಸರದಿಯಲ್ಲದೆ ಇತರರ ಸರದಿಗಳ ಕೊನೆಯಲ್ಲಿ ಅದು ಸುತ್ತಿಗೆ ಮೂರು ಹೆಚ್ಚಿನ ಸಣ್ಣ ಕ್ರಿಯೆಗಳನ್ನು ನಡೆಸಬಲ್ಲುದು. ಒಂದಕ್ಕೆ ಮೂರು ಕೂಡಿಸಿದರೆ ನಾಲ್ಕು, ವೀರರ ಸಂಖ್ಯೆಗೆ ಸರಿಯಾಯಿತು. ಎರಡನೆಯದಾಗಿ, ಮಂತ್ರಕ್ಕೆ ಸಿಕ್ಕಿಬೀಳುವ ಸಂದರ್ಭ ಬಂದಾಗ ದಿನಕ್ಕೆ ಮೂರು ಸಲ ಅದು ಸೋಲನ್ನು ಗೆಲುವಾಗಿ ಮಾರ್ಪಡಿಸಿಕೊಳ್ಳಬಹುದು. ಕಟ್ಟಿಹಾಕುವ ಸಂಭವ ನಾಲ್ಕರಲ್ಲಿ ಒಂದಾದರೆ, ನಾಲ್ಕು ಫಲಗಳಿಗೆ ಸರಾಸರಿ ಹದಿನಾರು ಪ್ರಯತ್ನಗಳು ಬೇಕು. ನಾಲ್ವರಿಗೆ ಅದು ನಾಲ್ಕು ಸುತ್ತು. ಅಷ್ಟರಲ್ಲಿ ಕಾಳಗಕ್ಕೆ ಒಂದು ರೂಪ ಬಂದಿರುತ್ತದೆ. ತಾನೇ ಹೊಸ ರಾಕ್ಷಸನನ್ನು ಕಟ್ಟುವ ಸೂತ್ರಧಾರನು ಜೀವಾಂಕಕ್ಕೆ ಕೈ ಹಾಕುವ ಮುನ್ನ ಸರದಿಗಳನ್ನು ಎಣಿಸಲಿ. ಅಥವಾ ನಾಯಕನೊಬ್ಬನಿಗೆ ಎರಡು ಮೂರು ಅನುಚರರನ್ನು ಕೊಡಲಿ. ಅನುಚರರನ್ನು ಬೇರೆ ಬೇರೆ ಕಡೆ ನಿಲ್ಲಿಸಿದರೆ ಬೆಂಕಿಯ ಒಂದು ಉಂಡೆಗೆ ಎಲ್ಲರೂ ಸಿಕ್ಕುವುದಿಲ್ಲ.

ಪೆಟ್ಟಿನ ಬಗೆಗೂ ಒಂದು ಮಾತು. ನೂರು ಅಂಕದ ಒಂದೇ ಪೆಟ್ಟು ಎರಡರಲ್ಲಿ ಒಂದು ಸಲ ತಗಲುವುದಾದರೆ ಸರಾಸರಿ 50. ಹತ್ತು ಅಂಕದ ಹತ್ತು ಪೆಟ್ಟುಗಳು ಅದೇ ಸಂಭವದಿಂದ ತಗಲಿದರೂ ಸರಾಸರಿ 50. ಆದರೆ ಮೊದಲನೆಯದರಲ್ಲಿ ಫಲವು ಸೊನ್ನೆ, ಇಲ್ಲವೆ ನೂರು. ಸರಾಸರಿಯಿಂದಾಚೆಗಿನ ಓಲಾಟ 50. ಎರಡನೆಯದರಲ್ಲಿ ಓಲಾಟವು ಸುಮಾರು 16ಕ್ಕೆ ಇಳಿಯುತ್ತದೆ. ಅನಿಲದ ಅಸಂಖ್ಯ ಅಣುಗಳು ಗೋಡೆಗೆ ಬಡಿಯುವಾಗ ಒತ್ತಡವು ಸ್ಥಿರವಾಗಿ ತೋರುವುದಕ್ಕೂ ಇದೇ ಕಾರಣವೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ವರ್ಷವಿಡೀ ಸಾಕಿದ ಪಾತ್ರವು ಒಂದು ದಾಳದ ಉರುಳಿಗೆ ಸಾಯಬಾರದೆಂದಿದ್ದರೆ ರಾಕ್ಷಸನ ಬಲವನ್ನು ಸಣ್ಣ ಸಣ್ಣ ಪೆಟ್ಟುಗಳಾಗಿ ಒಡೆಯಬೇಕು. ಹಾಗಾದಾಗ ಅಪಾಯವು ಕಣ್ಣಿಗೆ ಕಾಣುತ್ತ ಬರುತ್ತದೆ. ಓಡಿಹೋಗಲು ಹೊತ್ತೂ ಸಿಗುತ್ತದೆ.

ಇಷ್ಟೆಲ್ಲ ಲೆಕ್ಕ ಮಾಡಿದರೂ ಮೂರಕ್ಕೆ ಹದಿನೈದೇ ಸರಿಯಾದ ತೂಕವೆಂದು ನಾವು ಸಾಧಿಸಿದಂತಾಗಲಿಲ್ಲ. ಒಂದು ಮನೆಯ ಎಣಿಕೆಯಿಂದ ಅದು ದೊರೆಯುವುದೂ ಇಲ್ಲ. ಆಟದ ಎಲ್ಲ ಸಾಧ್ಯ ಸ್ಥಿತಿಗಳನ್ನೂ ಹುಡುಕಬೇಕಾಗುತ್ತದೆ. ಹುಲಿ-ಕುರಿಯ ನೇಪಾಳೀ ತಮ್ಮನಾದ ‘ಬಾಘ್‌ಚಾಲ್’ ಆಟದಲ್ಲಿ 25 ಮನೆ, 4 ಹುಲಿ, 20 ಆಡು. ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್‌ಗೆಲ್ಟ್ ಎಂಬ ಇಬ್ಬರು ಸಂಶೋಧಕರು ಗಣಕಯಂತ್ರದಿಂದ ಆ ಆಟವನ್ನು ಹುಡುಕಿ, ಎರಡು ಪಕ್ಷದವರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲವೆಂದು ತೋರಿಸಿದ್ದಾರೆ. ಯಾವ ಗಣಕವೂ ಇಲ್ಲದ ಕಾಲದಲ್ಲಿ, ತಲೆಮಾರುಗಳ ಆಟದಿಂದಲೇ ತಕ್ಕಡಿಯ ಮುಳ್ಳು ನಡುವಿಗೆ ಬಂದು ನಿಂತಿರುವುದು ಸೋಜಿಗವೇ ಸರಿ.

ನಮ್ಮ 23 ಮನೆಯ ಆಟವನ್ನು ಓದುಗರೇ ಪರೀಕ್ಷಿಸಬಹುದು. ಸಮಾನವಾಗಿ ಪಳಗಿದ ಇಬ್ಬರು ಪಕ್ಷಗಳನ್ನು ಅದಲುಬದಲು ಮಾಡಿಕೊಳ್ಳುತ್ತ 14, 15, 16 ಕುರಿಗಳಿಂದ ಬೇರೆ ಬೇರೆಯಾಗಿ ಆಡಿ ಸೋಲುಗೆಲುವುಗಳನ್ನು ಬರೆದಿಡಲಿ. ಆದರೆ ಹತ್ತೇ ಆಟಗಳಿಂದ ತೀರ್ಮಾನಕ್ಕೆ ಬರಬಾರದು. ನಿಜವಾಗಿ ಸಮಬಲವಿದ್ದರೂ ಹತ್ತರಲ್ಲಿ ಹುಲಿಯು 5ರ ಬದಲು 3 ಅಥವಾ 7 ಸಲ ಗೆಲ್ಲುವುದು ತೀರ ಸಾಮಾನ್ಯ. ನೂರು ಆಟಗಳಾದರೆ ಓಲಾಟವು 50ರ ಸುತ್ತ 5ರಷ್ಟು. ಆಗ 65 ಬಂದರೆ ಆಟವು ಹುಲಿಯ ಕಡೆಗೆ ವಾಲಿದೆಯೆಂದು ಧೈರ್ಯವಾಗಿ ಹೇಳಬಹುದು. ಒಂದು ಬೇಸಿಗೆಯ ರಜೆ ಇದಕ್ಕೆ ಸಾಕು.